ಗೆರೆ ಮೇಸ್ತ್ರಿಯ ನಾಲ್ಕು ಬೆರಳು

ನನ್ನ ತಂಗಿಯ ಗಂಡನ ಕೈ ತಪ್ಪು ಹೇಳಿದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ. ಸೂರ್ಯ ಒಂದು ದಿನ ತಡವಾಗಿ ಎದ್ದಾನು, ಕಚೇರಿಯ ಗಡಿಯಾರ ಒಂದು ದಿನ ಸರಿಯಾದ ಹೊತ್ತು ತೋರಿಸೀತು, ಆದರೆ ನೇರ ರಸ್ತೆಯಲ್ಲಿ ಕಾರು ಯಾವ ಕಡೆಗೆ ಎಳೆಯುತ್ತಿದೆ ಎಂದು ಹೇಳುವಾಗ ಆ ಕೈ ಎಡವುವುದು ಸಾಧ್ಯವೇ ಇಲ್ಲ. ಈ ಮಾತನ್ನು ನಾನು ಕ್ಷೌರದ ಅಂಗಡಿಯಲ್ಲಿ ಹೇಳಿದ್ದೇನೆ, ಮದುವೆಯ ಪಂಕ್ತಿಯಲ್ಲಿ ಹೇಳಿದ್ದೇನೆ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ಅಗಲಿಸಿಕೊಂಡೂ ಹೇಳಿದ್ದೇನೆ. ಮೂವತ್ತಮೂರು ವರ್ಷ ಬಸ್ಸು ಓಡಿಸಿದವನು ನಾನು. ಸ್ಟೀರಿಂಗಿನ ವಿಚಾರಕ್ಕೆ ಬಂದರೆ ಜನ ನನ್ನ ಮಾತಿಗೆ ಕಿವಿ ಕೊಡುತ್ತಾರೆ, ಇಲ್ಲವೆ ಕೊಟ್ಟ ಹಾಗೆ ಕೂರುತ್ತಾರೆ.

ಅವನ ನಿಜವಾದ ಹೆಸರು ಅವನಿಗೇ ಮರೆತಿರಬೇಕು. ಎಲ್ಲರಿಗೂ ಅವನು ಗೆರೆ ಮೇಸ್ತ್ರಿ. ರಸ್ತೆಯ ನಡುವಿನ ಬಿಳಿ ಗೆರೆಯ ಪಕ್ಕಕ್ಕೆ ಚಕ್ರ ಇಟ್ಟನೆಂದರೆ ಗೆರೆ ಬೇಕಾದರೆ ಅತ್ತಿತ್ತ ಸರಿಯಬೇಕು, ಚಕ್ರ ಸರಿಯುವುದಿಲ್ಲ. ವಯಸ್ಸು ಅರವತ್ತಮೂರು. ಮೈ ತೆಳುವು, ಮಾತು ಅದಕ್ಕಿಂತ ತೆಳುವು. ಒಂದು ವಾರದಲ್ಲಿ ಅವನು ಆಡುವ ಮಾತನ್ನು ನಾನು ಒಂದು ಸೀನು ಸೀನುವುದರೊಳಗೆ ಮುಗಿಸುತ್ತೇನೆ.

ಗೋದಾಮುಗಳ ಸಾಲಿನ ಕೊನೆಯಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ಕಾರು ಹತ್ತಿಸುವ ಎರಡು ಕಬ್ಬಿಣದ ಹಲಗೆ, ಗಾಳಿ ತುಂಬುವ ಯಂತ್ರ, ನಾಲ್ಕು ಚಕ್ರಕ್ಕೂ ಕನ್ನಡಿ ಸಿಕ್ಕಿಸಿ ಪರದೆಯ ಮೇಲೆ ಹಸಿರು ಕೆಂಪು ಅಂಕಿ ತೋರಿಸುವ ಅಲೈನ್‌ಮೆಂಟ್ ಯಂತ್ರ. ಮೂಲೆಯಲ್ಲಿ ಟೀ ಕಲೆ ಹತ್ತಿದ ಮೇಜು. ಮೂರೇ ಜನ. ಶೆಡ್ಡಿನ ಯಜಮಾನ, ನಟ್ಟು ಬೋಲ್ಟು ನೋಡಿಕೊಳ್ಳುವ ಟೈರಿನವನು, ಮತ್ತೆ ಇವನು. ಅಳತೆಗೆ ಯಂತ್ರವಿತ್ತು, ಕೆಲಸಕ್ಕೆ ಟೈರಿನವನಿದ್ದ. ಮೇಸ್ತ್ರಿಗೆ ಇದ್ದದ್ದು ಒಂದೇ, ಕೊನೆ ಓಟ. ಕಾರು ಮನೆಗೆ ಹೋಗುವ ಮೊದಲು ಅವನು ಅದನ್ನು ಗೋದಾಮಿನ ಮುಂದಿನ ರಸ್ತೆಯಲ್ಲಿ ಮೂರು ಫರ್ಲಾಂಗು ಓಡಿಸಿ, ತಿರುಗಿಸಿ ತಂದು, ಗಾಜಿನ ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಿದ್ದ. ಗೀಟು ಬಿದ್ದರೆ ಕಾರು ನೆಟ್ಟಗಿದೆ ಎಂದು ಅರ್ಥ. ಆ ರಸ್ತೆ ಮೇಜಿನಷ್ಟು ಸಮ. ಬೇರೆ ರಸ್ತೆಗಳು ನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುತ್ತವೆ, ಅಲ್ಲಿ ಎಂಥ ಸಜ್ಜನ ಕಾರೂ ಅಂಚಿನ ಕಡೆಗೆ ವಾಲುತ್ತದೆ.

ಕಾರಿನವರು ಬಂದು ಅರ್ಧ ಗಂಟೆ ಗೋಳು ಹೇಳಿಕೊಂಡರೂ ಅವನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಎಳೀತದಾ, ಅಲೀತದಾ?"

ಎರಡೂ ಬೇರೆ ಬೇರೆ ರೋಗ. ಕುಡಿದವನ ಹಾಗೆ ಒಮ್ಮೆ ಅತ್ತ ಒಮ್ಮೆ ಇತ್ತ ಅಲೆದರೆ ಸ್ಟೀರಿಂಗಿನ ಕೀಲುಗಳೆಲ್ಲೋ ಸಡಿಲವಾಗಿವೆ. ಹಟಮಾರಿಯ ಹಾಗೆ ಒಂದೇ ಕಡೆಗೆ ಎಳೆದರೆ ಮೊದಲು ಗಾಳಿ ನೋಡಬೇಕು, ಆಮೇಲೆ ಬ್ರೇಕು ಹಿಡಿದುಕೊಂಡಿದೆಯೇ ನೋಡಬೇಕು, ಆಮೇಲೆ ಮುಂದಿನ ಎರಡು ಟೈರುಗಳನ್ನು ಅದಲು ಬದಲು ಮಾಡಬೇಕು. ಎಡಕ್ಕಿದ್ದ ಎಳೆತ ಟೈರಿನ ಜೊತೆ ಬಲಕ್ಕೆ ಹೋಯಿತೋ, ತಪ್ಪು ಟೈರಿನದು. ಹೋಗದೆ ಎಡಕ್ಕೇ ಉಳಿಯಿತೋ, ತಪ್ಪು ಕಾರಿನದು. ಆಗ ಚಕ್ರದ ವಾಲಿಕೆಯನ್ನು ಕೂದಲೆಳೆಯಷ್ಟು ಬದಲಿಸಬೇಕು. ನಲವತ್ತು ವರ್ಷದ ವಿದ್ಯೆ ಇಷ್ಟೇ. ನಾನು ಹೇಳಿದ್ದರಿಂದ ನಾಲ್ಕು ಸಾಲಾಯಿತು, ಅವನು ಹೇಳಿದ್ದರೆ ಒಂದೂವರೆ.

ಊರಿನ ಉಳಿದ ಮೇಸ್ತ್ರಿಗಳು ಸ್ಟೀರಿಂಗಿನಿಂದ ಕೈ ಬಿಟ್ಟು ಕಾರು ಎತ್ತ ಹೋಗುತ್ತದೆಂದು ನೋಡುತ್ತಾರೆ. ಇವನಿಗೆ ಅದು ಕಂಡರಾಗದು. "ಮಗು ಯಾವ ಕಡೆ ಬೀಳ್ತದೆ ಅಂತ ನೋಡೋಕೆ ಎತ್ತಿಕೊಂಡವರು ಕೈ ಬಿಡ್ತಾರಾ?" ಎಂದಿದ್ದ ಒಮ್ಮೆ. ಆ ವರ್ಷ ಅವನಾಡಿದ ಅತಿ ಉದ್ದದ ಮಾತು ಅದೇ ಇರಬೇಕು. ಅವನ ಪದ್ಧತಿ ಬೇರೆ. ಎಡಗೈಯ ಎರಡು ಬೆರಳು, ಬಲಗೈಯ ಎರಡು ಬೆರಳು, ಚಕ್ರದ ಮೇಲೆ ನೊಣ ಕೂತ ಹಾಗೆ. ಯಾವ ಕಡೆಯ ಬೆರಳಿಗೆ ಭಾರ ಬರುತ್ತದೋ ಅದರ ಮೇಲೆ ಲೆಕ್ಕ. ಒಮ್ಮೆ ಒಬ್ಬ ಔಷಧಿ ಅಂಗಡಿಯವನ ಕಾರು ಬಂತು. ಅದು ಬಲಕ್ಕೆ ಎಷ್ಟು ಎಳೆಯುತ್ತಿತ್ತೆಂದರೆ, ಬೆಳಿಗ್ಗೆ ಅಂಗಡಿಗೆ ಹೊರಟವನು ಸುತ್ತು ಹಾಕಿ ಮತ್ತೆ ತನ್ನ ಬಾಗಿಲಿಗೇ ಬಂದು ನಿಲ್ಲುತ್ತಿದ್ದ. ಅವನ ಹೆಂಡತಿ ಮೂರು ಸಲ ತಿಂಡಿ ಬಡಿಸಿದಳಂತೆ. ಮೇಸ್ತ್ರಿ ಹತ್ತಿ ಕೂತು, ಗೋದಾಮಿನ ಮೊದಲ ಗೇಟು ದಾಟುವುದರೊಳಗೆ "ಬಲಗಡೆ ಬ್ರೇಕು ಬಿಡ್ತಾ ಇಲ್ಲ" ಎಂದು ಇಳಿದೇ ಬಿಟ್ಟ.

ಇಂಥವನ ಹತ್ತಿರ ಒಬ್ಬ ಗಣಿತದ ಟೀಚರಮ್ಮನ ಬೂದು ಬಣ್ಣದ ಸಣ್ಣ ಕಾರು ಬಂತು.

ಗುಂಡಿಗೆ ಬಿದ್ದ ಮೇಲೆ ಎಡಕ್ಕೆ ಎಳೆಯುತ್ತಿದೆ ಎಂದು ಆಕೆ ತಂದಿದ್ದರು. ಯಂತ್ರ ತೋರಿಸಿದಂತೆ ಟೈರಿನವನು ಸರಿ ಮಾಡಿದ. ಪರದೆಯ ಮೇಲೆ ಎಲ್ಲ ಹಸಿರು. ಮೇಸ್ತ್ರಿ ಕೊನೆ ಓಟಕ್ಕೆ ಹೋಗಿ ಬಂದು, "ಇನ್ನೂ ಎಡಕ್ಕಿದೆ" ಎಂದ. ವಾಲಿಕೆಯನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಓಡಿಸಿ, ಗೀಟು ಎಳೆದ. ವಾರ ಕಳೆದು ಟೀಚರಮ್ಮ ವಾಪಸ್ಸು ಬಂದರು.

"ಮೇಸ್ತ್ರಿ, ಈಗ ಬಲಕ್ಕೆ ಹೋಗ್ತಿದೆ."

ಅವನು ಓಡಿಸಿ ನೋಡಿದ. "ನೆಟ್ಟಗಿದೆ. ನಿಮ್ಮ ರಸ್ತೆ ಇಳಿಜಾರಿರಬೇಕು."

"ನಮ್ಮ ರಸ್ತೆ ಹೋಗೋವಾಗಲೂ ಬರೋವಾಗಲೂ ಬಲಕ್ಕೇ ಇಳಿಜಾರಾ?"

ಮೇಸ್ತ್ರಿ ಕೀಲಿಯನ್ನು ಟೈರಿನವನ ಕೈಗೆ ಕೊಟ್ಟ. ಟೈರಿನವನು ಮತ್ತೆ ಯಂತ್ರಕ್ಕೆ ಹತ್ತಿಸಿ ಸರಿ ಮಾಡಿದ, ಮೇಸ್ತ್ರಿ ಮತ್ತೆ ಓಡಿಸಿ ಮತ್ತೆ ಎಡಕ್ಕಿದೆ ಎಂದ, ಮತ್ತೆ ಕೂದಲೆಳೆ ತಿರುಗಿಸಿದ. ಟೈರಿನವನು ಮೆಲ್ಲಗೆ, "ಕೈ ಬಿಟ್ಟು ನೋಡಿದೆ, ನೆಟ್ಟಗೇ ಇತ್ತಲ್ಲ" ಎಂದದ್ದಕ್ಕೆ, "ಬಿಟ್ಟ ಕೈಗೆ ಏನು ಗೊತ್ತಾಗ್ತದೆ" ಎಂದು ಬಾಯಿ ಮುಚ್ಚಿಸಿದ. ಹತ್ತು ದಿನಕ್ಕೆ ಬೂದು ಕಾರು ಮತ್ತೆ ಬಂತು. ಅಷ್ಟರಲ್ಲಿ ಬೇರೆ ನಾಲ್ಕೈದು ಕಾರುಗಳೂ ವಾಪಸ್ಸು ಬಂದಿದ್ದವು. ಎಲ್ಲರದೂ ಒಂದೇ ದೂರು, ಬಲಕ್ಕೆ.

ಯಜಮಾನ ಮೇಜಿನ ಹಿಂದಿನಿಂದ ಎದ್ದು ಬಂದ. ಒಳ್ಳೆಯ ಮನುಷ್ಯ, ಬೈಯಬೇಕಾದಾಗ ಮೊದಲು ಕನ್ನಡಕ ಒರೆಸಿಕೊಳ್ಳುತ್ತಾನೆ. ಕನ್ನಡಕ ಒರೆಸಿಕೊಂಡ.

"ಮೇಸ್ತ್ರಿ, ಸೋಮವಾರ ಆ ಟೀಚರಮ್ಮನ ಕಾರು ನೀವೇ ನೋಡಿ. ಅದೇ ಕೊನೆ ಸಲ. ಅದು ಮತ್ತೆ ಬಂತು ಅಂದ್ರೆ ಕೊನೆ ಓಟ ಟೈರಿನವನು ಮಾಡ್ಲಿ. ನೀವು ಕೂತ್ಕೊಳ್ಳಿ, ಬಂದವರ ಹತ್ರ ಮಾತಾಡ್ಕೊಂಡಿರಿ."

ಮಾತಾಡಿಕೊಂಡಿರು ಎಂದು ಅವನಿಗೆ ಹೇಳುವುದು, ಮೀನಿಗೆ ಮರದ ಮೇಲೆ ಕೆಲಸ ಕೊಟ್ಟ ಹಾಗೆ. ಮೇಸ್ತ್ರಿ "ಸರಿ" ಎಂದ. ಊಟದ ಡಬ್ಬಿ ತೆಗೆದುಕೊಂಡು ಮನೆಗೆ ನಡೆದ.

ನಾನು ಭಾನುವಾರ ಅವರ ಮನೆಗೆ ಹೋದೆ. ಎರಡು ಕೋಣೆಯ ಮನೆ, ಕಿಟಕಿಯ ಹೊರಗೆ ಪಕ್ಕದ ಮನೆಯ ಗೋಡೆ. ಅವನು ಆ ಗೋಡೆಯನ್ನು ನೋಡುತ್ತ ಕೂತಿದ್ದ. ಗೋಡೆಯೂ ಅವನನ್ನು ನೋಡುತ್ತಿತ್ತು. ಇಬ್ಬರಲ್ಲಿ ಗೋಡೆಯೇ ಸ್ವಲ್ಪ ಲವಲವಿಕೆಯಿಂದ ಇದ್ದ ಹಾಗೆ ಕಂಡಿತು. ತಂಗಿ ನನ್ನನ್ನು ಅಡುಗೆಮನೆಗೆ ಕರೆದಳು.

"ಅಣ್ಣ, ಇವರು ಒಂಥರಾ ಆಗಿದಾರೆ. ಮೊನ್ನೆ ಕೈಯಿಂದ ಲೋಟ ಬಿತ್ತು. ಒಡೆದಿದ್ದನ್ನ ನೋಡ್ಕೊಂಡು ನಿಂತಿದ್ರು, ಯಾರದ್ದೋ ಲೋಟ ಅನ್ನೋ ಹಾಗೆ. ಎಡಗೈ ಮೇಲೆ ಇಷ್ಟು ದೊಡ್ಡ ಬೊಕ್ಕೆ. ಎಲ್ಲಿ ಸುಟ್ಕೊಂಡ್ರಿ ಅಂದ್ರೆ, ಗೊತ್ತಿಲ್ಲ ಅಂತಾರೆ. ಉರೀತಿದೆಯಾ ಅಂದ್ರೆ ಇಲ್ಲ. ಬೇಜಾರಾ ಅಂದ್ರೆ ಅದೂ ಇಲ್ಲ."

"ಕೆಲಸದ್ದು ತಲೆಗೆ ಹಚ್ಕೊಂಡಿದಾನೆ," ಎಂದೆ ನಾನು. "ಗಂಡಸು ಹಟ ಹಿಡಿದರೆ ಬೆಂಕಿ ತಾಗಿದ್ದೂ ಗೊತ್ತಾಗಲ್ಲ."

ಎಂಥ ಬುದ್ಧಿವಂತ ಮಾತು. ಮೂವತ್ತಮೂರು ವರ್ಷದ ಅನುಭವವೆಲ್ಲ ಸುರಿದು ಆಡಿದ್ದೆ. ತಂಗಿ ತಲೆಯಾಡಿಸಿದಳು. ನಾನು ಹೊರಗೆ ಬಂದು ಅವನ ಪಕ್ಕ ಕೂತು, ನಾಳೆ ನಾನೂ ಬರುತ್ತೇನೆ ಎಂದೆ.

"ಬನ್ನಿ ಭಾವ," ಎಂದ. ದನಿಯಲ್ಲಿ ಬರಬೇಕೆಂದೂ ಇರಲಿಲ್ಲ, ಬಾರದಿರಲೆಂದೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಟೀಚರಮ್ಮ ಕೈಯಲ್ಲಿ ಮಡಿಚಿದ ಕಾಗದ ಹಿಡಿದು ಬಂದರು. ಐದು ರಸ್ತೆಗಳಲ್ಲಿ, ಹೋಗುವಾಗ ಎಷ್ಟು, ಬರುವಾಗ ಎಷ್ಟು ಕಾರು ಬಲಕ್ಕೆ ಸರಿಯಿತು ಎಂದು ಚೌಕ ಹಾಕಿ ಬರೆದಿದ್ದರು. ಪರೀಕ್ಷೆಯ ಉತ್ತರ ಪತ್ರಿಕೆ ಕೊಡುವ ಹಾಗೆ ಮೇಸ್ತ್ರಿಯ ಕೈಗೆ ಕೊಟ್ಟರು. ಅವನು ನೋಡಿ, ಮಡಿಚಿ, ವಾಪಸ್ಸು ಕೊಟ್ಟ.

"ಈ ಸಲ ನಾನೂ ಪಕ್ಕದಲ್ಲಿ ಕೂತ್ಕೊಳ್ತೀನಿ," ಎಂದರು ಟೀಚರಮ್ಮ.

ಟೈರಿನವನು ಯಂತ್ರದ ಮೇಲೆ ಎಲ್ಲ ಹಸಿರು ಮಾಡಿ ಇಳಿಸಿದ. ಮೇಸ್ತ್ರಿ ಸ್ಟೀರಿಂಗಿಗೆ ಕೂತ. ಟೀಚರಮ್ಮ ಪಕ್ಕದಲ್ಲಿ. ನಾನು ಹಿಂದಿನ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತೆ. ಆ ಕಾರಿನ ಹಿಂದಿನ ಸೀಟು ಎಷ್ಟು ಸಣ್ಣದೆಂದರೆ ಅಲ್ಲಿ ಕೂತವನು ತನ್ನ ಒಂದು ಕಾಲನ್ನು ಮನೆಯಲ್ಲೇ ಬಿಟ್ಟು ಬರಬೇಕು. ಯಜಮಾನ ಶೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದ.

ಕಾರು ನೇರಕ್ಕೆ ಬಂತು. ಮೊದಲ ಗೋದಾಮು ಹೋಯಿತು, ಎರಡನೆಯದು ಹೋಯಿತು.

"ಎಡಕ್ಕಿದೆ," ಎಂದ ಮೇಸ್ತ್ರಿ.

ಟೀಚರಮ್ಮ ರಸ್ತೆ ನೋಡುತ್ತಿರಲಿಲ್ಲ. ಅವನ ಕೈ ನೋಡುತ್ತಿದ್ದರು. ನಕಲು ಹೊಡೆಯುವವರ ಕೈಯನ್ನೇ ಎಷ್ಟೋ ವರ್ಷ ನೋಡಿಕೊಂಡು ಬಂದ ಕಣ್ಣು.

"ಮೇಸ್ತ್ರಿ, ನೀವು ಎರಡೆರಡು ಬೆರಳಲ್ಲಿ ಹಿಡೀತೀರಿ ಅಂದ್ರು ಹೊರಗೆ."

"ಹೌದು."

"ಬಲಗೈ ಹಾಗೇ ಇದೆ. ಎಡಗೈ ಪೂರಾ ನೇತಾಡ್ತಿದೆಯಲ್ಲ."

ನಾನು ಮುಂದಕ್ಕೆ ಬಗ್ಗಿ ನೋಡಿದೆ. ಎಡಗೈ ಅಂಗೈ ಸಮೇತ ಚಕ್ರಕ್ಕೆ ಜೋತುಬಿದ್ದಿತ್ತು, ಗೂಟಕ್ಕೆ ಹಾಕಿದ ಒದ್ದೆ ಚೀಲದ ಹಾಗೆ. ಮೇಸ್ತ್ರಿ ತಲೆ ತಗ್ಗಿಸಿ ಅದನ್ನು ನೋಡಿದ.

"ಇಲ್ಲ, ಎರಡೇ ಬೆರಳು ಇಟ್ಟಿದೀನಿ," ಎಂದ. ಕಣ್ಣಿಗೆ ಕಾಣುತ್ತಿದ್ದರೂ ಹಾಗೆಂದ. ಅವನ ಮಟ್ಟಿಗೆ ಅದು ಸುಳ್ಳಲ್ಲ.

ಟೀಚರಮ್ಮ ಕೈಯಲ್ಲಿದ್ದ ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿಗೆ ಹೇಳುವ ದನಿಯಲ್ಲಿ ಹೇಳಿದರು:

"ಮೊದಲನೇ ಸಲ ಬಂದಾಗ ನನಗೆ ಒಂದು ಹೇಳಿದ್ರಿ. ಟೈರ್ ಅದಲು ಬದಲು ಮಾಡಿ ನೋಡ್ಬೇಕು, ಎಳೆತ ಅದರ ಜೊತೆ ಹೋದ್ರೆ ತಪ್ಪು ಅದರದ್ದು ಅಂತ. ಕೈ ಅದಲು ಬದಲು ಮಾಡಿ."

ಮೇಸ್ತ್ರಿ ಕಾರನ್ನು ನಿಧಾನ ಮಾಡಿದ. ಬಲಗೈಯನ್ನು ಚಕ್ರದ ಎಡಕ್ಕೆ ತಂದ. ಎಡಗೈಯನ್ನು ಎತ್ತಿ ಚಕ್ರದ ಬಲಕ್ಕೆ ಇಟ್ಟ. ಕೈಗಳು ಕತ್ತರಿಯಾಗಿ ಕೂತವು. ಮುಂದೆ ರಸ್ತೆ ಖಾಲಿ, ದೂರದಲ್ಲಿ ಒಂದು ಲಾರಿ ಮಾತ್ರ ನಿಂತಿತ್ತು. ಕಾರು ನಾಲ್ಕನೆಯ ಗೋದಾಮನ್ನು ದಾಟಿತು. ನನಗೆ ಹಿಂದಿನ ಸೀಟಿನಿಂದಲೇ ಕಂಡಿತು. ಬಿಳಿ ಗೆರೆ ಇದ್ದಲ್ಲಿಯೇ ಇತ್ತು, ಕಾರು ಬಲಕ್ಕೆ ಸರಿಯುತ್ತಿತ್ತು.

ಎಳೆತ ಕೈಯ ಜೊತೆ ಹೋಗಿತ್ತು.

ಅವನು ಎಡಗೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಬಲಗೈಯ ಎರಡು ಬೆರಳಿನಲ್ಲೇ ಕೊನೆಯ ಗೋದಾಮಿನವರೆಗೆ ಓಡಿಸಿದ. ಕಾರು ನೂಲು ಹಿಡಿದಂತೆ ಹೋಯಿತು. ನಿಲ್ಲಿಸಿದ. ನಾನೂ ಮಾತಾಡಲಿಲ್ಲವೆಂದರೆ ಅಲ್ಲಿನ ಸ್ಥಿತಿ ಹೇಗಿತ್ತೆಂದು ನೀವೇ ಊಹಿಸಿಕೊಳ್ಳಬಹುದು. ಅವನು ಇಳಿದು, ಸುತ್ತಿ ಬಂದು, ಟೀಚರಮ್ಮನ ಕಡೆಯ ಬಾಗಿಲು ತೆರೆದ.

"ನೀವು ಓಡಿಸಿ ಅಮ್ಮ. ಕಾರು ನೆಟ್ಟಗಿದೆ."

ಮುಖದಲ್ಲಿ ಏನೂ ಇರಲಿಲ್ಲ. ದುಃಖವಿದ್ದಿದ್ದರೆ ಸಮಾಧಾನ ಹೇಳಬಹುದಿತ್ತು, ಸಿಟ್ಟಿದ್ದಿದ್ದರೆ ಬೈಸಿಕೊಳ್ಳಬಹುದಿತ್ತು. ಖಾಲಿ ಡಬ್ಬಿಯ ಮುಚ್ಚಳ ತೆಗೆದು ನೋಡಿದ ಹಾಗಿತ್ತು. ನಾನು ನನ್ನೊಳಗೂ ಇಣುಕಿದೆ, ಅಲ್ಲೂ ಏನೂ ಸಿಗಲಿಲ್ಲ.

ಶೆಡ್ಡಿನಲ್ಲಿ ಯಜಮಾನ ಕೇಳುವ ಮೊದಲೇ ಅವನು ಹೇಳಿದ. "ಟೈರಲ್ಲ, ವಾಲಿಕೆಯಲ್ಲ. ನಾನು." ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಒಳಗಿನ ತಗಡಿನ ಗೋಡೆಯ ಮೇಲೆ ಕಾರುಗಳ ನಂಬರು ಬರೆಯತೊಡಗಿದ. ಒಂದರ ಕೆಳಗೊಂದು, ಯಾವ ಪುಸ್ತಕವನ್ನೂ ನೋಡದೆ. ನಲವತ್ತೊಂದು. ಅವನು ಗೀಟು ಎಳೆದು ಕಳಿಸಿದ, ಕೂದಲೆಳೆ ಬಲಕ್ಕೆ ತಿರುಗಿಸಿದ ಕಾರುಗಳು.

"ಇವನ್ನೆಲ್ಲ ವಾಪಸ್ ಕರೀಬೇಕು," ಎಂದ.

ಯಜಮಾನ ಕನ್ನಡಕ ತೆಗೆದ. "ಬೇಡಿ ಮೇಸ್ತ್ರಿ. ದೂರು ಕೊಟ್ಟವರದ್ದು ಮಾಡೋಣ. ಮಿಕ್ಕವರಿಗೆ ಗೊತ್ತೇ ಆಗಿಲ್ಲ. ಸುಮ್ನೆ ನಿಮ್ಮ ಹೆಸರು ಹೋಗ್ತದೆ."

"ಹೆಸರು ಕೈಗಿತ್ತು."

ಅಷ್ಟೇ ಅಂದದ್ದು. ಯಜಮಾನ ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿ, ಫೋನು ಕೈಗೆ ತೆಗೆದುಕೊಂಡ. ಎರಡು ವಾರದಲ್ಲಿ ಮೂವತ್ತನಾಲ್ಕು ಕಾರುಗಳು ಬಂದವು. ಟೈರಿನವನು ಯಂತ್ರಕ್ಕೆ ಹತ್ತಿಸಿ, ಸರಿ ಮಾಡಿ, ರಸ್ತೆಗೆ ಒಯ್ದು, ಕೈ ಬಿಟ್ಟು ನೋಡಿ ತಂದ. ಪ್ರತಿ ಸಲ ಹೊರಡುವಾಗ ಮೇಸ್ತ್ರಿಯ ಮುಖ ನೋಡುತ್ತಿದ್ದ. ಇವನು ಗೋಡೆಯ ಹತ್ತಿರ ನಿಂತು ಒಂದೊಂದೇ ನಂಬರನ್ನು ಬಟ್ಟೆಯಿಂದ ಒರೆಸುತ್ತಿದ್ದ, ಬಲಗೈಯಿಂದ. ಕೊನೆಗೆ ಏಳು ಉಳಿದವು. ಆ ಏಳು ನಂಬರಿನ ಮುಂದೆ, ಬಂದವರ ಹತ್ತಿರ ಮಾತಾಡಿಕೊಂಡು ಕೂರಬೇಕಾದ ಕುರ್ಚಿ ಹಾಕಿಕೊಂಡು, ಯಾರ ಹತ್ತಿರವೂ ಮಾತಾಡದೆ ಕೂತ.

ಡಾಕ್ಟರ ಹತ್ತಿರ ಹೋಗಲು ತಂಗಿ ಮೂರು ವಾರ ಕಾಡಬೇಕಾಯಿತು. ನಾನೇ ಕರೆದುಕೊಂಡು ಹೋದೆ, ನನ್ನ ಕಾರಿನಲ್ಲಿ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅವನಿಗೆ ಕಣ್ಣು ಮುಚ್ಚಲು ಹೇಳಿ, ಸೂಜಿಯ ತುದಿಯಿಂದ ಬೆರಳುಗಳನ್ನು ಮುಟ್ಟುತ್ತ, ಚುಚ್ಚಿದಾಗ ಹೇಳಿ ಎಂದರು. ಬಲಗೈಗೆ ಐದು ಸಲ "ಹೂಂ" ಎಂದ. ಎಡಗೈಗೆ ಒಂದು ಸಲ. ಆಕೆ ಉಳಿದ ನಾಲ್ಕು ಬೆರಳನ್ನೂ ಚುಚ್ಚಿ ಮುಗಿಸಿ ಸೂಜಿ ಇಟ್ಟಿದ್ದರು, ಇವನಿನ್ನೂ ಕಣ್ಣು ಮುಚ್ಚಿ ಕಾಯುತ್ತಿದ್ದ.

"ಎಷ್ಟು ದಿನದಿಂದ ಹೀಗಿದೆ?"

"ನಲವತ್ತೊಂದು ಕಾರಿನಿಂದ."

ಡಾಕ್ಟರು ನನ್ನ ಕಡೆ ನೋಡಿದರು. "ನಾಲ್ಕು ತಿಂಗಳು," ಎಂದೆ.

ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದೆ ಎಂದರು. ಕೈಯ ಭಾರ ಕೈಗೇ ಗೊತ್ತಾಗುತ್ತಿಲ್ಲ. ನೋವಿದ್ದಿದ್ದರೆ ಒಳ್ಳೆಯದಿತ್ತು, ಬೇಗ ಬರುತ್ತಿದ್ದಿರಿ. ಸ್ಕ್ಯಾನ್ ಚಿತ್ರ ತೆಗೆಸಬೇಕು, ಕುತ್ತಿಗೆಗೆ ಪಟ್ಟಿ, ವ್ಯಾಯಾಮ. ಹೋದ ಸ್ಪರ್ಶ ಬರಬಹುದು, ಬಾರದೆಯೂ ಇರಬಹುದು. ಗಾಡಿ ಓಡಿಸುವ ಹಾಗಿಲ್ಲ.

"ಸರಿ," ಎಂದ ಮೇಸ್ತ್ರಿ. ಯಾರೋ ಬಾಗಿಲು ಹಾಕಿ ಬನ್ನಿ ಎಂದಾಗ ಹೇಳುವ ಸರಿ.

ವಾಪಸ್ಸು ಬರುವಾಗ ಅವನು ಕುತ್ತಿಗೆಗೆ ದಪ್ಪ ಪಟ್ಟಿ ಕಟ್ಟಿಸಿಕೊಂಡು ನನ್ನ ಪಕ್ಕದಲ್ಲಿ ಕೂತಿದ್ದ, ಅಂಗಡಿಯ ಗಾಜಿನ ಹಿಂದೆ ಕೂರಿಸಿದ ಗೊಂಬೆಯ ಹಾಗೆ. ನಾನು ಮಾತು ಶುರು ಮಾಡಿದೆ. ಊರಿನ ಅರ್ಧ ಕಾರುಗಳನ್ನು ಬಲಕ್ಕೆ ತಿರುಗಿಸಿದೆಯಲ್ಲಯ್ಯ, ಇನ್ನು ಎರಡು ತಿಂಗಳು ಬಿಟ್ಟಿದ್ದರೆ ಊರೇ ಗಾಣದ ಹಾಗೆ ಸುತ್ತುತ್ತಿತ್ತು ಎಂದೆ. ನಗಲಿಲ್ಲ. ಕೈ ಇಲ್ಲದಿದ್ದರೆ ಏನಂತೆ, ಮನೆಯಲ್ಲಿ ಕೂತು ನನ್ನ ತಂಗಿಯ ಕೈಲಿ ಬೈಸಿಕೊ, ಅದಕ್ಕೆ ಕಿವಿ ಸಾಕು ಎಂದೆ. ಅದಕ್ಕೂ ಇಲ್ಲ. ನನ್ನ ಬಸ್ಸಿನ ಕತೆಗಳನ್ನು ತೆಗೆದೆ. ಬ್ರೇಕಿಲ್ಲದ ಬಸ್ಸನ್ನು ಎಪ್ಪತ್ತು ಜನರ ಸಮೇತ ಇಳಿಜಾರಿನಲ್ಲಿ ಬರಿಯ ಹಾರನ್ನಿನಿಂದ ನಿಲ್ಲಿಸಿದ್ದನ್ನು ಹೇಳಿದೆ. ಆ ಕತೆ ಕೇಳಿ ಸತ್ತವರೂ ಒಮ್ಮೆ ಮಗ್ಗುಲು ಬದಲಿಸಿದ್ದುಂಟು. ಇವನು ಮುಂದಿನ ಗಾಜನ್ನೇ ನೋಡುತ್ತಿದ್ದ.

ಕೊನೆಗೆ ನನಗೂ ಸಾಕಾಯಿತು.

"ನಲವತ್ತು ವರ್ಷದ ಕೆಲಸ ಹೋಯ್ತಲ್ಲಯ್ಯ. ಏನಾದ್ರೂ ಅನ್ನು. ಒಳಗೆ ಏನೂ ಅನ್ನಿಸ್ತಾನೇ ಇಲ್ವಾ ನಿನಗೆ?"

"ಅನ್ನಿಸ್ತಿದೆ."

"ಏನು?"

"ಎಡಕ್ಕೆ ಎಳೀತಿದೆ. ಮುಂದಿನ ಚಕ್ರದಲ್ಲಿ ಗಾಳಿ ಇಲ್ಲ. ಆಸ್ಪತ್ರೆ ಗೇಟು ದಾಟಿದಾಗಿನಿಂದ."

ಅವನ ಎರಡೂ ಕೈ ತೊಡೆಯ ಮೇಲಿದ್ದವು. ಸ್ಟೀರಿಂಗು ನನ್ನ ಕೈಯಲ್ಲಿತ್ತು. ನಾನು ಹುಬ್ಬು ಹಾರಿಸಿ, ಇದು ನಿನ್ನ ಕುತ್ತಿಗೆಯ ಪಟ್ಟಿಯ ವಾಲಿಕೆ ಇರಬೇಕು ಎಂದೆ. ಆದರೂ ಕಾರನ್ನು ಅಂಚಿಗೆ ನಿಲ್ಲಿಸಿ, ಇಳಿದು, ಸುತ್ತಿ ಹೋಗಿ ಬಗ್ಗಿ ನೋಡಿದೆ. ಎಡಗಡೆಯ ಮುಂದಿನ ಟೈರು ಹೊಟ್ಟೆ ಬಿಟ್ಟುಕೊಂಡು ನೆಲಕ್ಕೆ ಕೂತಿತ್ತು. ನಡುವೆ ಬೆರಳುದ್ದದ ಮೊಳೆಯ ತಲೆ ಹೊಳೆಯುತ್ತಿತ್ತು. ಎದ್ದು ನಿಂತೆ. ಅವನು ಕಿಟಕಿಯ ಗಾಜು ಇಳಿಸಿದ, ಕುತ್ತಿಗೆ ತಿರುಗದ್ದರಿಂದ ಇಡೀ ಮೈಯನ್ನೇ ನನ್ನ ಕಡೆಗೆ ತಿರುಗಿಸಿದ.

"ಜೋಮು ಹಿಡಿದಿರೋದು ನನ್ನ ಎಡಗೈಗೆ ಭಾವ," ಎಂದ. "ಮೂವತ್ತಮೂರು ವರ್ಷ ಬಸ್ಸು ಓಡಿಸಿದೀರಿ, ನಿಮಗೆ ಎಲ್ಲೆಲ್ಲಿ ಹಿಡಿದಿದೆ?"